ಐದು ಮೀಟರ್ ಮರಕ್ಕೆ 9,550 ವರ್ಷ: ಲೆಕ್ಕ ಎಲ್ಲಿಂದ ಬಂತು, ಹೋಗಿ ನೋಡಬಹುದಾ?

ಪ್ರಶ್ನೆ: ನಾವು ಸ್ಟಾಕ್‌ಹೋಮ್‌ನಲ್ಲಿದ್ದೇವೆ. ಜುಲೈನಲ್ಲಿ ಶಿವಮೊಗ್ಗದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಅಪ್ಪ ಅರಣ್ಯ ಇಲಾಖೆಯಲ್ಲಿದ್ದು ನಿವೃತ್ತರಾದವರು, ಮರ ಅಂದರೆ ಪ್ರಾಣ. ದಾಲಾರ್ನಾ ಪ್ರಾಂತ್ಯದ ಫುಲುಫ್ಯೆಲ್ಲೆಟ್ ಬೆಟ್ಟದಲ್ಲಿ ‘ಓಲ್ಡ್ ಚಿಕ್ಕೊ’ ಎಂಬ ಸ್ಪ್ರೂಸ್ ಮರ (ಚಳಿನಾಡಿನ ಸೂಜಿ ಎಲೆಯ ಮರ) ಇದೆ, ಅದಕ್ಕೆ 9,550 ವರ್ಷ ಅಂತ ಓದಿ ಫೋಟೋ ಕಳಿಸಿದೆ. ಅಪ್ಪ ನೋಡಿ ನಕ್ಕುಬಿಟ್ಟರು. “ಇಷ್ಟು ಸಪೂರ ಕಾಂಡಕ್ಕೆ ಅಷ್ಟು ವಯಸ್ಸಾ? ಉಂಗುರ ಎಣಿಸಿದ್ದಾರಂತಾ?” ಅಂದರು. ನನಗೆ ಉತ್ತರ ಗೊತ್ತಾಗಲಿಲ್ಲ. ಈ ಲೆಕ್ಕ ನಿಜಾನಾ? ಅಷ್ಟು ದೂರ ಕಾರು ಓಡಿಸಿಕೊಂಡು ಹೋಗಿ ನೋಡುವಂಥದ್ದಾ? ಅಮ್ಮನಿಗೆ ಮಂಡಿ ನೋವು ಬೇರೆ ಇದೆ.

ಉತ್ತರ: ನಿಮ್ಮ ತಂದೆಯವರ ಅನುಮಾನ ಸರಿಯಾಗಿಯೇ ಇದೆ. ಕಾಂಡದೊಳಗೆ ವರ್ಷಕ್ಕೊಂದರಂತೆ ಮೂಡುವ ಉಂಗುರ ಎಣಿಸಿಲ್ಲ. ಎಣಿಸಿದ್ದರೂ 9,550 ಸಿಗುತ್ತಿರಲಿಲ್ಲ. ಈಗ ನಿಂತಿರುವ ಕಾಂಡಕ್ಕೆ ಅಂಥ ದೊಡ್ಡ ವಯಸ್ಸೇನೂ ಇಲ್ಲ. ಈ ಜಾತಿಯ ಸ್ಪ್ರೂಸ್‌ನ ಒಂದು ಕಾಂಡ ಹೆಚ್ಚೆಂದರೆ ಆರುನೂರು ವರ್ಷ ಬಾಳುತ್ತದೆ, ಅಷ್ಟೇ. ಆ ದೊಡ್ಡ ಸಂಖ್ಯೆ ಬಂದಿದ್ದು ಮರದ ಬುಡದ ಮಣ್ಣಿನಿಂದ. ಆ ಮಣ್ಣಿನಲ್ಲಿ ಸಿಕ್ಕಿದ್ದಕ್ಕೂ ಮೇಲೆ ನಿಂತಿರುವ ಮರಕ್ಕೂ ಏನು ಸಂಬಂಧ ಅನ್ನುವುದೇ ಇಲ್ಲಿರುವ ಪ್ರಶ್ನೆ. ಪತ್ರಿಕೆಗಳು ಅದನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ಎತ್ತಿಕೊಂಡವು. ಅಪ್ಪ ನಕ್ಕಿದ್ದರಲ್ಲಿ ತಪ್ಪಿಲ್ಲ.

ನಡೆದದ್ದು ಹೀಗೆ. ಸ್ವೀಡನ್‌ನ ಊಮೆಓ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲೈಫ್ ಕುಲ್‌ಮನ್ ಬೆಟ್ಟಗಳಲ್ಲಿ ಮರಗಳ ಗಡಿಯನ್ನು ಅಳೆಯುವ ಕೆಲಸ ಮಾಡುತ್ತಿದ್ದರು. ಚಳಿ ಪ್ರದೇಶದ ಬೆಟ್ಟ ಹತ್ತುತ್ತಾ ಹೋದರೆ ಒಂದು ಎತ್ತರದಲ್ಲಿ ಕಾಡು ನಿಂತುಬಿಡುತ್ತದೆ. ಅಲ್ಲಿಂದ ಮೇಲೆ ಹುಲ್ಲು, ಪಾಚಿ, ಕಲ್ಲುಹೂವು ಮಾತ್ರ. ಹವಾಮಾನ ಬದಲಾದ ಹಾಗೆ ಈ ಗಡಿ ಮೇಲೆ ಹೋಗುತ್ತಿದೆಯೇ, ಕೆಳಗೆ ಬರುತ್ತಿದೆಯೇ ಎಂದು ನೋಡುವುದು ಅವರ ಅಧ್ಯಯನ. 2004ರ ಹೊತ್ತಿಗೆ ಫುಲುಫ್ಯೆಲ್ಲೆಟ್ ಮೇಲೆ ಈ ಮರ ಅವರ ಕಣ್ಣಿಗೆ ಬಿತ್ತು. ತಮ್ಮ ತೀರಿಹೋದ ನಾಯಿಯ ಹೆಸರನ್ನೇ ಅದಕ್ಕೆ ಇಟ್ಟರು. ಚಿಕ್ಕೊ ಅಂದರೆ ಅವರು ಸಾಕಿದ್ದ ಸೈಬೀರಿಯನ್ ಹಸ್ಕಿ.

ಮರದ ಕೆಳಗೆ ಅಗೆದಾಗ ಸ್ಪ್ರೂಸ್‌ನ ಹಳೆಯ ಕಟ್ಟಿಗೆ ಚೂರುಗಳು, ಕಾಯಿಗಳು ಸಿಕ್ಕವು. ಚಳಿ ಮತ್ತು ಹುಳಿ ಮಣ್ಣು ಸೇರಿದರೆ ಕೊಳೆಯುವಿಕೆ ಬಹಳ ನಿಧಾನ. ನಮ್ಮ ಮಲೆನಾಡಿನಲ್ಲಾದರೆ ನಾಲ್ಕು ಮಳೆಗಾಲಕ್ಕೆ ಗೆದ್ದಲು ಮುಗಿಸಿಬಿಡುವ ಕಟ್ಟಿಗೆ ಅಲ್ಲಿ ಸಾವಿರಾರು ವರ್ಷ ಉಳಿಯಬಲ್ಲದು. ಚೂರುಗಳನ್ನು ಅಮೆರಿಕದ ಮಯಾಮಿಯ ಪ್ರಯೋಗಾಲಯಕ್ಕೆ ಕಳಿಸಿ ಕಾರ್ಬನ್-14 ಪರೀಕ್ಷೆ ಮಾಡಿಸಿದರು. ನಾಲ್ಕು ಬೇರೆ ಬೇರೆ ವಯಸ್ಸು ಬಂತು: 375, 5,660, 9,000 ಮತ್ತು 9,550 ವರ್ಷ. 2008ರಲ್ಲಿ ಸುದ್ದಿ ಹೊರಬಿತ್ತು. ಮರುದಿನದಿಂದಲೇ ಅದು ‘ಜಗತ್ತಿನ ಅತಿ ಹಳೆಯ ಮರ’ ಆಗಿಬಿಟ್ಟಿತು.

ಕಾರ್ಬನ್-14 ಲೆಕ್ಕ ತಂದೆಯವರಿಗೆ ಗೊತ್ತಿರಬಹುದು, ಆದರೂ ಎರಡು ಮಾತು. ಗಿಡ ಬದುಕಿರುವಷ್ಟು ದಿನ ಗಾಳಿಯಿಂದ ಇಂಗಾಲ ತೆಗೆದುಕೊಳ್ಳುತ್ತಲೇ ಇರುತ್ತದೆ. ಅದರಲ್ಲಿ ಒಂದು ಚೂರು ಪಾಲು ವಿಕಿರಣ ಸೂಸುವ ಕಾರ್ಬನ್-14. ಆ ಕಟ್ಟಿಗೆ ಬೆಳೆದು ಮುಗಿದ ಮೇಲೆ ಹೊಸದು ಸೇರುವುದಿಲ್ಲ. ಇದ್ದದ್ದು 5,730 ವರ್ಷಕ್ಕೆ ಅರ್ಧದಷ್ಟಾಗುತ್ತಾ ಕರಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ಅತಿ ಹಳೆಯ ಚೂರಿನಲ್ಲಿ ಉಳಿದಿರುವುದು ಸುಮಾರು ಮೂರನೇ ಒಂದು ಪಾಲು ಮಾತ್ರ. ಈ ಅಳತೆ ಗಟ್ಟಿಯಾದದ್ದು. ಆ ಕಟ್ಟಿಗೆಗೆ ಒಂಬತ್ತೂವರೆ ಸಾವಿರ ವರ್ಷ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಅನುಮಾನ ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಕುಲ್‌ಮನ್ ಹೇಳುವ ಪ್ರಕಾರ ಆ ಹಳೆಯ ಕಟ್ಟಿಗೆಯೂ ಇವತ್ತಿನ ಮರವೂ ಒಂದೇ ಗಿಡ. ಕಾಂಡ ಸಾಯುತ್ತದೆ, ಅದೇ ಬೇರಿನಿಂದ ಮತ್ತೊಂದು ಎದ್ದು ಬರುತ್ತದೆ, ಹೀಗೆ ನಡೆದುಕೊಂಡು ಬಂದಿದೆ. ಸ್ಪ್ರೂಸ್‌ಗೆ ಇನ್ನೊಂದು ದಾರಿಯೂ ಇದೆ. ಬುಡದ ಕೊಂಬೆಗಳು ಚಳಿಗಾಲದ ಹಿಮದ ಭಾರಕ್ಕೆ ನೆಲಕ್ಕೆ ಒತ್ತಿಕೊಳ್ಳುತ್ತವೆ. ಅವುಗಳ ಮೇಲೆ ಪಾಚಿ, ಎಲೆಗಸ ಕೂರುತ್ತದೆ. ಒದ್ದೆ ಜಾಗದಲ್ಲಿ ಕೊಂಬೆ ಬೇರು ಬಿಡುತ್ತದೆ, ತುದಿ ಮೇಲಕ್ಕೆ ತಿರುಗುತ್ತದೆ. ತೋಟಗಾರಿಕೆಯವರು ಕೈಯಾರೆ ಮಾಡುವ ಲೇಯರಿಂಗ್ ಅಲ್ಲಿ ತನ್ನಷ್ಟಕ್ಕೆ ಆಗುತ್ತದೆ. ಬೀಜವೇ ಬೇಕಾಗಿಲ್ಲ. ತಾಯಿ ಕಾಂಡ ಒಣಗಿ ಹೋದರೂ ಪಕ್ಕದಲ್ಲಿ ಅದೇ ಗಿಡ ಬದುಕಿರುತ್ತದೆ.

ಟೀಕೆ ಮಾಡುವವರ ಪ್ರಶ್ನೆ ಸರಳ. ಒಂದೇ ಜಾಗದಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಒಂದೇ ಗಿಡ ಅನ್ನಬಹುದಾ? ಹಳೆಯ ಚೂರಿನ ಡಿಎನ್‌ಎಯನ್ನು ಇವತ್ತಿನ ಮರದ ಡಿಎನ್‌ಎ ಪಕ್ಕ ಇಟ್ಟು ಎಲ್ಲರೂ ಪರೀಕ್ಷಿಸುವ ಹಾಗೆ ತೋರಿಸಿ ಅನ್ನುತ್ತಾರೆ. ಆ ನಾಲ್ಕು ವಯಸ್ಸುಗಳನ್ನೇ ಇನ್ನೊಮ್ಮೆ ನೋಡಿ. 9,000ಕ್ಕೂ 5,660ಕ್ಕೂ ನಡುವೆ ಮೂರು ಸಾವಿರ ವರ್ಷ ಖಾಲಿ. 5,660ರಿಂದ 375ಕ್ಕೆ ಬರುವಷ್ಟರಲ್ಲಿ ಐದು ಸಾವಿರಕ್ಕೂ ಜಾಸ್ತಿ. ಆ ನಡುವೆ ಒಂದು ಮರ ಪೂರ್ತಿ ಸತ್ತು, ಎಲ್ಲಿಂದಲೋ ಬಂದ ಬೀಜ ಅದೇ ಜಾಗದಲ್ಲಿ ಮೊಳೆತಿರಲಿಕ್ಕೆ ಸಾಧ್ಯವೇ ಇಲ್ಲ ಅಂತ ಹೇಗೆ ಹೇಳುವುದು?

ನನ್ನ ಅಭಿಪ್ರಾಯ ಕೇಳಿದರೆ, ಕುಲ್‌ಮನ್ ಹೇಳಿದ್ದು ಆಗುವಂಥದ್ದೇ. ಅಷ್ಟು ಎತ್ತರದಲ್ಲಿ ಬೇಸಿಗೆ ಬಹಳ ಚಿಕ್ಕದು. ಸ್ಪ್ರೂಸ್ ಬೀಜ ಬಲಿಯುವುದೇ ಕಷ್ಟ, ಬಲಿತದ್ದು ಮೊಳೆತು ಸಸಿಯಾಗಿ ಉಳಿಯುವುದು ಇನ್ನೂ ಕಷ್ಟ. ಅಂಥ ಕಡೆ ಇದ್ದ ಗಿಡವೇ ಕೊಂಬೆ ಊರಿಕೊಂಡು ಮುಂದುವರಿಯುವ ಸಾಧ್ಯತೆ ಹೆಚ್ಚು. ಅದೂ ಅಲ್ಲದೆ ಇದೊಂದೇ ಮರವಲ್ಲ. ಉತ್ತರದ ಲ್ಯಾಪ್‌ಲ್ಯಾಂಡಿನಿಂದ ದಾಲಾರ್ನಾವರೆಗೆ ಬೆಟ್ಟಗಳ ಮೇಲೆ ಎಂಟು ಸಾವಿರ ವರ್ಷ ದಾಟಿದ ಸ್ಪ್ರೂಸ್‌ಗಳು ಇಪ್ಪತ್ತರಷ್ಟು ಸಿಕ್ಕಿವೆ ಎಂದು ಕುಲ್‌ಮನ್ ತಂಡ ಹೇಳಿದೆ. ಒಂದು ಕಡೆಯಾದರೆ ಕಾಕತಾಳೀಯ ಅನ್ನಬಹುದಿತ್ತು. ಆದರೂ ‘ಇದೇ ಗಿಡ, 9,550 ವರ್ಷ’ ಎಂದು ಕಣ್ಣು ಮುಚ್ಚಿ ಸಹಿ ಹಾಕುವಷ್ಟು ಧೈರ್ಯ ನನಗಿಲ್ಲ. ‘ಇಲ್ಲಿ 9,550 ವರ್ಷದ ಹಿಂದೆಯೇ ಸ್ಪ್ರೂಸ್ ಇತ್ತು, ಬಹುಶಃ ಇದೇ ಗಿಡ’ ಅನ್ನುವಲ್ಲಿಗೆ ನಿಲ್ಲುತ್ತೇನೆ.

ಈ ‘ಒಂದೇ ಮರವಾ, ಹಲವಾ’ ಎಂಬ ಗೊಂದಲ ನಮಗೇನೂ ಹೊಸತಲ್ಲ. ಬೆಂಗಳೂರಿನ ಮೈಸೂರು ರಸ್ತೆ ಕಡೆ ಕೇತೋಹಳ್ಳಿಯಲ್ಲಿ ದೊಡ್ಡ ಆಲದ ಮರ ಇದೆಯಲ್ಲ, ಸುಮಾರು ಮೂರು ಎಕರೆ ಹರಡಿದೆ, ನಾಲ್ಕುನೂರು ವರ್ಷ ಅನ್ನುತ್ತಾರೆ. ಅದರ ಮೂಲ ಕಾಂಡ ರೋಗ ತಗುಲಿ ಹೋಗಿ ಕಾಲವಾಯಿತು. ಇವತ್ತು ಹೋದವರು ನೋಡುವುದು ಬಿಳಲು ಇಳಿದು ಕಂಬದ ಹಾಗೆ ದಪ್ಪವಾದ ನೂರಾರು ಕಾಂಡಗಳನ್ನು. ಆದರೂ ಅದು ಅದೇ ಮರ ಅನ್ನುವುದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಬಿಳಲು ಕೊಂಬೆಯಿಂದ ಇಳಿದದ್ದನ್ನು ಊರಿನವರು ತಲೆಮಾರುಗಳಿಂದ ಕಣ್ಣಾರೆ ನೋಡಿದ್ದಾರೆ. ಚಿಕ್ಕೊ ವಿಷಯದಲ್ಲಿ ಆ ಕೊಂಡಿ ಮಣ್ಣಿನೊಳಗಿದೆ, ನೋಡಿದ ಊರಿನವರೂ ಇಲ್ಲ. ಅಷ್ಟೇ ವ್ಯತ್ಯಾಸ.

‘ಜಗತ್ತಿನ ಅತಿ ಹಳೆಯ ಮರ’ ಎಂಬ ಬಿರುದಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಒಂದೇ ಕಾಂಡ ಅಷ್ಟೂ ಕಾಲ ಬದುಕಿರಬೇಕು ಅಂದರೆ ಹೆಸರು ಹೇಳಬೇಕಾದ್ದು ಕ್ಯಾಲಿಫೋರ್ನಿಯಾದ ಬ್ರಿಸಲ್‌ಕೋನ್ ಪೈನ್‌ಗಳದ್ದು. ಅಲ್ಲಿನ ‘ಮೆಥುಸೆಲಾ’ಗೆ 4,800 ವರ್ಷಕ್ಕೂ ಹೆಚ್ಚು, ಅದು ಉಂಗುರ ಎಣಿಸಿದ ಲೆಕ್ಕ. ಒಂದೇ ಬೇರಿನ ಸಂಸಾರ ಅಂತ ನೋಡಿದರೆ ಅಮೆರಿಕದ ಯೂಟಾದಲ್ಲಿ ‘ಪಾಂಡೊ’ ಇದೆ. ಸುಮಾರು 43 ಹೆಕ್ಟೇರ್ ಹರಡಿದ ಆಸ್ಪೆನ್ ಕಾಡು, ಸಾವಿರಾರು ಕಾಂಡ, ಎಲ್ಲವೂ ಒಂದೇ ಗಿಡ. ಚಿಕ್ಕೊ ಇವೆರಡರ ನಡುವೆ ಎಲ್ಲೋ ಬರುತ್ತದೆ. ಸ್ಪರ್ಧೆ ಪತ್ರಿಕೆಯವರದ್ದು, ಮರಗಳದ್ದಲ್ಲ.

ನನಗೆ ವಯಸ್ಸಿಗಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಆ ಮರದ ಆಕಾರ. ತಂದೆಯವರಿಗೂ ಇದೇ ಇಷ್ಟವಾಗುತ್ತದೆ ಅನ್ನಿಸುತ್ತದೆ. ಕೆಳಗಿನ ಕಾಡಿನಲ್ಲಿ ಇದೇ ಜಾತಿಯ ಮರ ಮೂವತ್ತೈದು-ನಲವತ್ತು ಮೀಟರ್ ಬೆಳೆಯುತ್ತದೆ. ಚಿಕ್ಕೊ ಸುಮಾರು ಐದು ಮೀಟರ್. ಬುಡದಲ್ಲಿ ದಟ್ಟ ಪೊದೆ, ಲಂಗ ಹರಡಿಕೊಂಡು ಕೂತ ಹಾಗೆ. ಅದರ ನಡುವಿನಿಂದ ಒಂದು ತೆಳ್ಳನೆ ಕಾಂಡ ಎದ್ದಿದೆ, ಕೊಂಬೆ ಅಲ್ಲೊಂದು ಇಲ್ಲೊಂದು. ಚಳಿಗಾಲದಲ್ಲಿ ಬುಡದ ಪೊದೆ ಹಿಮದೊಳಗೆ ಮುಚ್ಚಿಹೋಗುತ್ತದೆ. ಹೊರಗೆ ಎಷ್ಟೇ ಮೈನಸ್ ಇರಲಿ, ಹಿಮದೊಳಗೆ ಚಳಿ ಅಷ್ಟಿರುವುದಿಲ್ಲ, ಗಾಳಿಯಂತೂ ಇಲ್ಲವೇ ಇಲ್ಲ. ಹಿಮದ ಮೇಲೆ ತಲೆ ಎತ್ತಿದ ಭಾಗಕ್ಕೆ ಮಾತ್ರ ಗ್ರಹಚಾರ. ಗಾಳಿ ಹಿಮದ ಹರಳುಗಳನ್ನು ಹೊತ್ತು ತಂದು ಉಜ್ಜುತ್ತದೆ. ಎಲೆ ಉದುರುತ್ತದೆ, ಮೊಗ್ಗು ಸಾಯುತ್ತದೆ. ಪೊದೆಯ ಎತ್ತರ ನೋಡಿ ಅಲ್ಲಿ ಹಿಮ ಎಷ್ಟು ಬೀಳುತ್ತದೆ ಎಂದು ಅಂದಾಜು ಮಾಡಬಹುದು.

ಸಾವಿರಾರು ವರ್ಷ ಇದು ಬರೀ ಆ ಪೊದೆಯಾಗಿಯೇ ಇತ್ತು ಎಂದು ಕುಲ್‌ಮನ್ ಹೇಳುತ್ತಾರೆ. ನೆಲಕ್ಕೆ ಅಂಟಿಕೊಂಡು, ಹಿಮದ ಆಸರೆಯಲ್ಲಿ. ಕಳೆದ ಶತಮಾನದಲ್ಲಿ ಬೇಸಿಗೆ ಬಿಸಿಯಾಗುತ್ತಾ ಬಂದ ಮೇಲೆ ಕಾಂಡ ಮೇಲಕ್ಕೆ ಎದ್ದಿತು. ಅಂದರೆ ನೀವು ಫೋಟೋದಲ್ಲಿ ನೋಡಿ ‘ಮರ’ ಅಂದುಕೊಂಡ ಭಾಗ ಇರುವುದೇ ಭೂಮಿ ಬಿಸಿಯಾದ್ದರಿಂದ. ಹಳೆಯ ಜೀವ ಇದ್ದರೆ ಅದು ಇರುವುದು ಯಾರೂ ಫೋಟೋ ತೆಗೆಯದ ಬುಡದ ಪೊದೆಯಲ್ಲಿ ಮತ್ತು ಬೇರಿನಲ್ಲಿ. ತಂದೆಯವರು ಅಲ್ಲಿಗೆ ಹೋದಾಗ ಕಾಂಡ ಬಿಟ್ಟು ಬುಡ ನೋಡಲಿ.

ಇನ್ನೊಂದು ಕಾರಣಕ್ಕೂ ಈ ಮರ ವಿಜ್ಞಾನಿಗಳ ನಿದ್ದೆ ಕೆಡಿಸಿತು. ಸ್ಪ್ರೂಸ್ ಸ್ವೀಡನ್‌ಗೆ ತಡವಾಗಿ ಬಂದ ಮರ, ಎರಡು-ಮೂರು ಸಾವಿರ ವರ್ಷದ ಹಿಂದೆ ಪೂರ್ವದ ಕಡೆಯಿಂದ ಹರಡಿತು ಎಂದು ಕೆರೆ ತಳದ ಕೆಸರಿನಲ್ಲಿ ಉಳಿದ ಹಳೆಯ ಪರಾಗ ನೋಡಿ ಹೇಳುತ್ತಿದ್ದರು. ಹಿಮಯುಗದ ಮಂಜುಗಡ್ಡೆ ಈ ಬೆಟ್ಟದಿಂದ ಕರಗಿದ್ದು ಸುಮಾರು ಹತ್ತು ಸಾವಿರ ವರ್ಷದ ಹಿಂದೆ. ಮಂಜು ಸರಿದ ಬೆನ್ನಿಗೇ ಇಲ್ಲಿ ಸ್ಪ್ರೂಸ್ ಇತ್ತು ಅಂದರೆ ಅದು ಹತ್ತಿರದಲ್ಲೇ ಎಲ್ಲೋ ಹಿಮಯುಗ ಕಳೆದಿರಬೇಕು, ಬಹುಶಃ ನಾರ್ವೆಯ ಕಡೆ. 2012ರಲ್ಲಿ ನಾರ್ವೆಯ ಕೆರೆಗಳ ಕೆಸರಿನಲ್ಲಿ ಬಹಳ ಹಳೆಯ ಸ್ಪ್ರೂಸ್ ಡಿಎನ್‌ಎ ಸಿಕ್ಕಿತು ಎಂಬ ಪ್ರಬಂಧ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದಕ್ಕೂ ವಿರೋಧ ಬಂತು, ಜಗಳ ಮುಗಿದಿಲ್ಲ. ಆದರೆ ಗಮನಿಸಿ, ಈ ವಾದಕ್ಕೆ ಇವತ್ತಿನ ಮರವೂ ಹಳೆಯ ಕಟ್ಟಿಗೆಯೂ ಒಂದೇ ಗಿಡ ಆಗಿರಬೇಕೆಂದೇನಿಲ್ಲ. ಕಟ್ಟಿಗೆಯ ವಯಸ್ಸು ಗಟ್ಟಿಯಾಗಿದ್ದರೆ ಸಾಕು, ಅದು ಗಟ್ಟಿಯಾಗಿದೆ.

ಇನ್ನು ನೋಡುವ ವಿಷಯ. ಸ್ಟಾಕ್‌ಹೋಮ್‌ನಿಂದ ಕಾರಿನಲ್ಲಿ ಆರು ಗಂಟೆಗೆ ಕಮ್ಮಿ ಇಲ್ಲ. ಮೂರಾ ಎಂಬ ಊರಿನ ತನಕ ರೈಲಿದೆ, ಆದರೆ ಅಲ್ಲಿಂದ ಮುಂದೆ ಕಾಡು ದಾರಿ ಬಹಳ ಇದೆ, ಅಪ್ಪ-ಅಮ್ಮನ ಜೊತೆ ಬಸ್ಸು ಕಾಯುವ ರಗಳೆ ಬೇಡ. ಹೋಗಿ ಅವತ್ತೇ ವಾಪಸ್ ಬರುವ ಯೋಚನೆ ಬಿಡಿ. ಸೇರ್ನಾ ಊರಿನ ಕಡೆ ರಾತ್ರಿ ಉಳಿದುಕೊಳ್ಳಿ. ಜುಲೈನಲ್ಲಿ ಅಲ್ಲಿ ಕತ್ತಲೆ ಅನ್ನುವುದು ಹೆಸರಿಗೆ ಮಾತ್ರ, ನಡೆಯುವುದಕ್ಕೆ ಅವಸರ ಪಡಬೇಕಾಗಿಲ್ಲ.

ಫುಲುಫ್ಯೆಲ್ಲೆಟ್ 2002ರಿಂದ ರಾಷ್ಟ್ರೀಯ ಉದ್ಯಾನ. ಮೊರ್ಕ್ರೆಟ್ ಹಳ್ಳಿ ದಾಟಿ ಹೋದರೆ ಪ್ರವೇಶದಲ್ಲೇ ‘ನಾಟುರುಮ್’ ಎಂಬ ಮಾಹಿತಿ ಕೇಂದ್ರ ಇದೆ. ಅಲ್ಲಿಂದ ಎರಡು ಕಿಲೋಮೀಟರ್ ನಡೆದರೆ ನ್ಯೂಪೆಶೇರ್ ಜಲಪಾತ. ಒಟ್ಟು 93 ಮೀಟರ್, ಅದರಲ್ಲಿ 70 ಮೀಟರ್ ನೇರ ಧುಮುಕು. ಸ್ವೀಡನ್‌ನ ಅತಿ ಎತ್ತರದ ಜಲಪಾತಗಳಲ್ಲಿ ಇದೂ ಒಂದು. ಜೋಗದ 253 ಮೀಟರ್ ನೋಡಿ ಬೆಳೆದವರ ಮುಂದೆ ಇದನ್ನು ಹೊಗಳಬೇಡಿ, ಸುಮ್ನೆ ಕರೆದುಕೊಂಡು ಹೋಗಿ. ಹಳೆಯ ಸ್ಪ್ರೂಸ್ ಕಾಡಿನ ನಡುವೆ ಹಲಗೆ ಹಾಸಿದ ದಾರಿ, ನಡೆಯಲು ಸಲೀಸು. ಅಮ್ಮ ಇಲ್ಲಿವರೆಗೆ ನಿಧಾನವಾಗಿ ಬರಬಹುದು. ಕೂರಲು ಜಾಗ ಇದೆ, ಚಿತ್ರಾನ್ನದ ಡಬ್ಬಿ ತೆಗೆದರೆ ಸೈಬೀರಿಯನ್ ಜೇ ಹಕ್ಕಿಗಳು ಹತ್ತಿರಕ್ಕೇ ಬರುತ್ತವೆ, ಅವಕ್ಕೆ ಜನರ ಭಯ ಕಮ್ಮಿ.

ಚಿಕ್ಕೊ ಇರುವುದು ಅಲ್ಲಿಂದ ಮೇಲೆ, ಸುಮಾರು 900 ಮೀಟರ್ ಎತ್ತರದಲ್ಲಿ. ಜಲಪಾತದಿಂದ ಬೆಟ್ಟದ ಮೇಲಿನ ಬಯಲಿಗೆ ಹೋಗುವ ದಾರಿ ಕಡಿದು. ಮಂಡಿ ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಜಾಸ್ತಿ ಕಷ್ಟ. ಅಮ್ಮನನ್ನು ಮೇಲೆ ಕರೆದುಕೊಂಡು ಹೋಗಬೇಡಿ ಅಂತಲೇ ನನ್ನ ಸಲಹೆ. ಒಬ್ಬರು ಅವರ ಜೊತೆ ಕೆಳಗೆ ಇರಿ. ತಂದೆಯವರು ಕಾಡು ತಿರುಗಿದ ಕಾಲಿನವರು, ಉಸಿರಿನ ತೊಂದರೆ ಇಲ್ಲದಿದ್ದರೆ ಆರಾಮಾಗಿ ಹತ್ತುತ್ತಾರೆ.

ಮರಕ್ಕೆ ದೊಡ್ಡ ಬೋರ್ಡು, ಬಾಣದ ಗುರುತು ಇರುತ್ತದೆ ಅಂದುಕೊಂಡು ಹೋಗಬೇಡಿ. ಬೇಕಂತಲೇ ಅದನ್ನು ಸದ್ದಿಲ್ಲದೆ ಇಟ್ಟಿದ್ದಾರೆ. ಮೆಥುಸೆಲಾ ಯಾವುದು ಎಂದು ಅಮೆರಿಕದವರೂ ಹೇಳುವುದಿಲ್ಲ. 1964ರಲ್ಲಿ ನೆವಾಡಾದಲ್ಲಿ ‘ಪ್ರೊಮಿಥಿಯಸ್’ ಎಂಬ ಬ್ರಿಸಲ್‌ಕೋನ್ ಮರವನ್ನು ಸಂಶೋಧನೆಗೆಂದು ಕಡಿದರು. ಕಡಿದ ಮೇಲೆ ಉಂಗುರ ಎಣಿಸಿದರೆ 4,800 ದಾಟಿತ್ತು. ಅದಕ್ಕೆ ಅನುಮತಿ ಇತ್ತು, ಕಡಿದವರು ಕಳ್ಳರಲ್ಲ. ಚಿಕ್ಕೊಗೆ ಕೊಡಲಿಯ ಭಯಕ್ಕಿಂತ ಅಭಿಮಾನಿಗಳ ಭಯ ಜಾಸ್ತಿ. ಪಕ್ಕದಲ್ಲಿ ನಿಂತು ಫೋಟೋ ಬೇಕು ಅಂತ ಬುಡದ ಕೊಂಬೆ ತುಳಿಯುತ್ತಾರೆ. ಮುಂದಿನ ಕಾಂಡ ಎದ್ದು ಬರಬೇಕಾದದ್ದು ಅದೇ ಕೊಂಬೆಯಿಂದ. ಕಡ್ಡಿ ಮುರಿಯುವುದು, ಸೂಜಿ ಎಲೆ ಕಿತ್ತು ಪರ್ಸಿನಲ್ಲಿ ಇಟ್ಟುಕೊಳ್ಳುವುದು, ಬಿದ್ದ ಕಟ್ಟಿಗೆ ಎತ್ತಿಕೊಳ್ಳುವುದು ಯಾವುದೂ ಬೇಡ. ಬಿದ್ದ ಕಟ್ಟಿಗೆಯಿಂದಲೇ ಅಲ್ವಾ ಈ ಕಥೆಯೆಲ್ಲ ಹುಟ್ಟಿದ್ದು?

ದಾರಿ ಬಿಟ್ಟು ನಡೆಯಬೇಡಿ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಬೆಟ್ಟದಲ್ಲಿ ಹಿಮಸಾರಂಗ ಮೇಯುವುದಿಲ್ಲ. ಹಾಗಾಗಿ ಕಲ್ಲುಹೂವು ನೆಲದ ಮೇಲೆ ದಪ್ಪ ಬಿಳಿ ಹಾಸಾಗಿ ಬೆಳೆದಿದೆ. ಒದ್ದೆಯಿದ್ದಾಗ ಕೈಗೆ ಮೆತ್ತಗೆ ಹತ್ತಿಯ ಹಾಗೆ, ಒಣಗಿದಾಗ ಮುಟ್ಟಿದರೆ ಪುಡಿ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಅದರ ಮೇಲೆ ಒಂದು ಬೂಟಿನ ಗುರುತು ಬಿದ್ದರೆ ಬಹಳ ವರ್ಷ ಉಳಿಯುತ್ತದೆ.

ತಂದೆಯವರು ತರಬೇತಿಗೆಂದು ಉತ್ತರದ ಕಡೆ ಹೋಗಿದ್ದರೆ ಹಿಮಾಲಯದ ಸ್ಪ್ರೂಸ್ ನೋಡಿರಬಹುದು, ಹಿಮಾಚಲದಲ್ಲಿ ‘ರೈ’ ಅನ್ನುತ್ತಾರೆ. ಅದರ ಎಲೆ ಉದ್ದ, ಇದರದ್ದು ಒಂದು-ಎರಡು ಸೆಂಟಿಮೀಟರ್ ಅಷ್ಟೇ. ಗುರುತು ಹಿಡಿಯಲು ಕೆಳಗಿನ ಕಾಡಿನಲ್ಲಿ ಉದುರಿದ ಒಂದು ಎಲೆಯನ್ನು ಹೆಬ್ಬೆರಳು-ತೋರುಬೆರಳ ನಡುವೆ ಇಟ್ಟು ತಿರುಗಿಸಲಿ. ಸ್ಪ್ರೂಸ್ ಎಲೆಗೆ ನಾಲ್ಕು ಮೂಲೆ ಇರುವುದರಿಂದ ಉರುಳುತ್ತದೆ. ಫರ್ ಮರದ ಎಲೆ ಚಪ್ಪಟೆ, ಉರುಳುವುದಿಲ್ಲ. ಎಲೆ ಉದುರಿದ ಕಡ್ಡಿಯ ಮೇಲೆ ಕೈ ಆಡಿಸಿದರೆ ಸಣ್ಣ ಸಣ್ಣ ಗೂಟಗಳು ಒರಟೊರಟಾಗಿ ತಾಗುತ್ತವೆ. ಕಾಯಿ ಕೆಳಮುಖವಾಗಿ ನೇತಾಡುತ್ತದೆ. ಅಂದಹಾಗೆ ಲಾಲ್‌ಬಾಗಿನಲ್ಲಿ ಜನ ಕ್ರಿಸ್‌ಮಸ್ ಮರ ಎಂದು ತೋರಿಸುವುದು ಅರೌಕೇರಿಯಾ, ಅದು ಬೇರೆಯದೇ ಕುಟುಂಬ. ಯುರೋಪಿನವರು ಡಿಸೆಂಬರ್‌ನಲ್ಲಿ ಮನೆಯೊಳಗೆ ತಂದು ನಿಲ್ಲಿಸುತ್ತಾ ಬಂದದ್ದು ಚಿಕ್ಕೊ ಜಾತಿಯನ್ನು.

ಹೊರಡುವ ಮೊದಲು ಮಾಹಿತಿ ಕೇಂದ್ರಕ್ಕೆ ಬರೆದು ಬೇಸಿಗೆಯಲ್ಲಿ ಮಾರ್ಗದರ್ಶಕರ ಜೊತೆ ಚಿಕ್ಕೊಗೆ ಹೋಗುವ ನಡಿಗೆ ಯಾವ ದಿನ ಇದೆ ಎಂದು ಕೇಳಿ. ಸ್ವಂತವಾಗಿ ಹುಡುಕಿಕೊಂಡು ಹೋಗುವುದಕ್ಕಿಂತ ಅದೇ ಮೇಲು. ಅಲ್ಲಿಯವರು ತಂದೆಯವರ ಉಂಗುರದ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ, ಡಿಎನ್‌ಎ ವಿಷಯವನ್ನೂ ಧಾರಾಳವಾಗಿ ಕೇಳಲಿ. ನೀರು ಹೋಗದ ಬೂಟು, ಜುಲೈ ಆದರೂ ಒಂದು ಸ್ವೆಟರ್, ಮಳೆ ಜಾಕೆಟ್ಟು ಇರಲಿ. ಮೇಲಿನ ಬಯಲಿನಲ್ಲಿ ಮೋಡ ಕವಿದರೆ ಹತ್ತು ಹೆಜ್ಜೆ ಮುಂದೆ ಕಾಣುವುದಿಲ್ಲ, ಅಂಥ ದಿನ ಹಟ ಮಾಡದೆ ಇಳಿದುಬಿಡಿ. ಸೊಳ್ಳೆ ಮುಲಾಮು ಮರೆಯಬೇಡಿ. ಆಗುಂಬೆಯ ಉಂಬಳ ಕಂಡವರಿಗೂ ಸ್ವೀಡನ್‌ನ ಜುಲೈ ಸೊಳ್ಳೆ ತಾಳ್ಮೆ ಪರೀಕ್ಷಿಸುತ್ತದೆ.